ಶ್ರೀರಂಗಪಟ್ಟಣವೂ ಸಮುದ್ರವಿದ್ಯೆಯೂ



ನಮ್ಮ ದೇಶದ ಪೂರ್ವತೀರದಲ್ಲಿ ನಾಗಪಟ್ಟಣ, ಮಚಿಲೀಪಟ್ಟಣ, ವಿಶಾಖಪಟ್ಟಣ ಎಂದು ಹೆಸರಿನ ಕೊನೆಯಲ್ಲಿ 'ಪಟ್ಟಣ' ಶಬ್ದವನ್ನು ಹೊತ್ತ ಊರುಗಳು ಹಲವು ಇವೆ. ಅವೆಲ್ಲವೂ ಕಡಲ ದಡದ ರೇವುಗಳು. ಮೈಸೂರು ಸೀಮೆಯ ನಮಗಾದರೋ ಬರಿಯ 'ಪಟ್ಟಣ'ವೆಂದರೆ ಶ್ರೀರಂಗಪಟ್ಟಣವೆಂದೇ ಅರ್ಥ. ಈ ಪಟ್ಟಣಕ್ಕೆ ಕಡಲಿಲ್ಲ. ಸುತ್ತಲೂ ಕಾವೇರಿಯ ಎರಡು ಕವಲುಗಳು. ಆಚೆಗೆ ಬತ್ತ, ಕಬ್ಬುಗಳ ಗದ್ದೆ. ಊರೊಡೆಯನಾದ ಶ್ರೀರಂಗನಾಥನು ಶೇಷಶಯನನಾಗಿ ಪವಡಿಸಿರುವ ಕ್ಷೀರಸಾಗರವೊಂದನ್ನು ಬಿಟ್ಟರೆ ಇಲ್ಲಿಯವರಿಗೆ ಬೇರೆ ಸಾಗರದ ಪರಿಚಯವಿರಲು ಕಾರಣವಿಲ್ಲ. ಮಂಗಳೂರಿನ ತೀರವು ಇಲ್ಲಿಂದ ಸುಮಾರು 150 ಮೈಲಿ ದೂರ. ನಡುವೆ ಪಶ್ಚಿಮ ಘಟ್ಟಗಳು ಗೋಡೆಯಂತೆ ನಿಂತಿವೆ.

ಹೀಗಿದ್ದರೂ, 1796ರಲ್ಲಿ ಹೊರಟ ಒಂದು ಹುಕುಂನಾಮೆಯ ಮೇರೆಗೆ ಈ ನದೀದ್ವೀಪವೇ ಒಂದು ದೊಡ್ಡ ನೌಕಾಬಲದ ಆಡಳಿತಕ್ಕೂ, ಅದರ ಅಧಿಪತಿಗಳ ಶಿಕ್ಷಣಕ್ಕೂ ಕೇಂದ್ರವಾಗಬೇಕಾಗಿದ್ದಿತು. ನೌಕಾವಿದ್ಯೆಯ ಶಾಲೆಯೆಂದರೆ ಬಂದರಿನ ಊರಿನಲ್ಲಿರತಕ್ಕದ್ದೆಂದು ನಾವು ಭಾವಿಸುತ್ತೇವೆ. ಆ ಶಾಲೆಯು ಒಳನಾಡಿನ ಕೋಟೆಯೊಳಕ್ಕೆ ಬಂದುದು ಹೇಗೆ, ಬಂದು ಏನಾಯಿತು, ಅದರಿಂದ ನಾವು ತಿಳಿಯತಕ್ಕದ್ದೇನು ಎಂಬುದೇ ಈ ಹೊತ್ತಿನ ವಿಷಯ.

ಮೊದಲು ಹುಕುಂನಾಮೆಯ ಸ್ವರೂಪವನ್ನು ನೋಡೋಣ. ಟೀಪೂ ಸುಲ್ತಾನನ ಪತ್ರಗಳಲ್ಲಿ ಹಲವನ್ನು ಆರಿಸಿ ಕರ್ನಲ್ ಕಿರ್ಕ್‌ಪ್ಯಾಟ್ರಿಕ್ ಎಂಬಾತನು 1811ರಲ್ಲಿ ಇಂಗ್ಲಿಷಿಗೆ ತಿರುಗಿಸಿ ಅಚ್ಚುಹಾಕಿಸಿದನು. ಆ ಗ್ರಂಥದ ಮೂಲಕ ಈ ನೌಕಾವ್ಯವಸ್ಥೆಯ ವಿವರವೂ ನಮಗೆ ದೊರೆತಿದೆ. ಅದರಂತೆ ಒಟ್ಟು 40 ಹಡಗುಗಳು ಸಿದ್ಧವಾಗಬೇಕು. ಅರ್ಧ ಭಾರಿಯ ಯುದ್ಧನೌಕೆಗಳು, ಅರ್ಧ ಹಗುರವಾದ ಫ್ರಿಗೇಟುಗಳು. ದೊಡ್ಡವುಗಳಿಗೆ 72ರವರೆಗೆ ತೋಪುಗಳು, ಫ್ರಿಗೇಟಿಗೆ 46. ಹಡಗು ಕಟ್ಟುವ ಸ್ಥಳಗಳು ಮೂರು. ಒಂದು ಮಂಗಳೂರು, ಉಳಿದೆರಡು ಅದಕ್ಕೂ ಬಡಗಣ ಕರಾವಳಿಯಲ್ಲಿ. ಕಟ್ಟತಕ್ಕ ಹಡಗಿನ ಮಾದರಿಯಾದರೋ ರಾಜಧಾನಿಯಿಂದಲೇ ಹೋಗತಕ್ಕದ್ದು. ಇಡೀ ಇಲಾಖೆಯ ಮೇಲ್ವಿಚಾರಣೆಗೆ 'ಮೀರ್ ಯಮ್' ಎಂಬ 11 ಮಂದಿ ಅಧಿಕಾರಿಗಳು. 'ಯಮ್' ಎಂದರೆ ಕಡಲು. ಅವರ ಕೈಕೆಳಗೆ 'ಮೀರ್ ಬಹರ್' ಎಂಬ 30 ಮಂದಿ ನೌಕಾಧಿಪತಿಗಳು. ನಾಲ್ಕು ನಾಲ್ಕು ಹಡಗುಗಳಿಗೆ ಒಂದು ದಳ. ದಳಕ್ಕೆ ಇಬ್ಬರು ಮೀರ್ ಬಹರ್. ಈ ಲೆಕ್ಕದಲ್ಲಿ 20 ಮಂದಿ ಕಡಲ ಮೇಲಿರುತ್ತಾರೆ. ಉಳಿದ 10 ಮಂದಿ ಆಸ್ಥಾನದಲ್ಲಿಯೇ ಇದ್ದು ಶಿಕ್ಷಣವನ್ನು ಪಡೆಯಬೇಕು.

ಈ ಹತ್ತು ಮಂದಿಯ ವಿಷಯವೇ ನಮಗೆ ಮುಖ್ಯವಾದುದು. ನೌಕಾಧಿಪತಿಯಾದವನಿಗೆ ಶಿಕ್ಷಣ ಬೇಕು, ಅದು ಸರ್ಕಾರದ ಹೊಣೆ, ಅದಕ್ಕಾಗಿ ಸರದಿಯ ಮೇಲೆ ಕೆಲವರನ್ನು ಬಿಡುವಾಗಿಡಬೇಕು ಎಂಬ ಆಲೋಚನೆಯು ಆ ಕಾಲಕ್ಕೆ ಸಾಮಾನ್ಯವಾದುದಲ್ಲ. ಇದನ್ನು ಸುಲ್ತಾನನ ಹುಚ್ಚು ಹಂಬಲವೆಂದು ನಕ್ಕವರೂ ಉಂಟು. ಆದರೆ ಹಂಬಲದ ಹಿಂದೆ ಮೂವತ್ತು ವರ್ಷಗಳ ಕಹಿ ಅನುಭವವಿದ್ದಿತು.

ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದಾಗ ಮಂಗಳೂರೂ ಕೆನರಾ ತೀರದ ಇತರ ರೇವುಗಳೂ ಅವನ ಕೈಸೇರಿದುವು. ಕಡಲನ್ನೇ ಕಾಣದಿದ್ದ ರಾಜ್ಯಕ್ಕೆ ಕಡಲ ಬಾಗಿಲು ತೆರೆಯಿತು. ಹೈದರನು ಕೂಡಲೇ ಹಡಗುಗಳನ್ನು ಕಟ್ಟಿಸತೊಡಗಿದನು. ಐದು ವರ್ಷ ತುಂಬುವುದರೊಳಗಾಗಿ, 1768ರಲ್ಲಿ, ಮುಂಬಯಿಯಿಂದ ಬಂದ ಇಂಗ್ಲಿಷ್ ದಳವು ಮಂಗಳೂರನ್ನು ಹಿಡಿದಾಗ ಆ ಹಡಗುಗಳು ಕೈತಪ್ಪಿದುವು. ಊರನ್ನು ಹೈದರನು ಕೆಲವು ತಿಂಗಳಲ್ಲಿಯೇ ಹಿಂದಕ್ಕೆ ಪಡೆದನು. ನೌಕಾಬಲವನ್ನು ಮೊದಲಿನಿಂದ ಆರಂಭಿಸಬೇಕಾಯಿತು. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸನು ಮಂಗಳೂರಿನ ಮುಂದೆ ಬಂದು, ಎರಡನೆಯ ಸಲ ಕಟ್ಟಿದ ಹಡಗುಗಳನ್ನೂ ನಾಶಮಾಡಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಯಲಿನಲ್ಲಿ ಮೈಸೂರಿನ ಸೈನ್ಯವು ಕರ್ನಲ್ ಬೈಲಿಯ ದಳವನ್ನು ಮುರಿದಿದ್ದಿತು. ನೆಲದ ಮೇಲೆ ಅಂಥ ಜಯ. ಮೂರು ತಿಂಗಳು ಕಳೆಯುವುದರೊಳಗೆ ನೀರಿನ ಮೇಲೆ ಇಂಥ ಅಪಜಯ. ತಾನು ಇಂಗ್ಲಿಷರನ್ನು ಭೂಮಿಯ ಮೇಲೆ ಕೆಡಿಸಬಲ್ಲನಾದರೂ ಕಡಲನ್ನು ಬತ್ತಿಸಲಾರನೆಂಬ ಅರ್ಥದ ಮಾತನ್ನು ಹೈದರನು ಪೂರ್ಣಯ್ಯನವರೊಡನೆ ಆಡಿದುದಾಗಿ ಚರಿತ್ರಕಾರ ವಿಲ್ಕ್ಸನು ಬರೆದಿಟ್ಟಿದ್ದಾನೆ. ಇಡೀ ರಾಜ್ಯದ ಸಂಕಟವು ಆ ಒಂದು ಮಾತಿನಲ್ಲಿ ಅಡಗಿದೆ.

ಟೀಪುವು ಈ ಮಾತನ್ನು ಮರೆಯಲಿಲ್ಲ. 1784ರ ಮಾರ್ಚಿಯಲ್ಲಿ ಮಂಗಳೂರಿನ ಕೌಲು ನಡೆಯಿತು. ಅದೇ ವರ್ಷ ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಎದ್ದ ಬೇಸಗೆಯ ಅರಮನೆಗೆ 'ದರಿಯಾ ದೌಲತ್' ಎಂದು ಹೆಸರಾಯಿತು. ಅದನ್ನು ಕಡಲಿನ ಸಿರಿ ಎಂದು ಅರ್ಥಮಾಡುತ್ತಾರೆ. ಕಾವೇರಿಯ ದಡದ ತೋಟದ ಮನೆಗೆ ಕಡಲಿನ ಹೆಸರು! ಒಳಗೆ ಪಶ್ಚಿಮದ ಗೋಡೆಯ ಮೇಲಿರುವ ಪ್ರಸಿದ್ಧ ಚಿತ್ರವಾದರೋ ಪೊಳ್ಳಿಲೂರಿನದು. ಆನೆ, ಕುದುರೆ, ಕಾಲಾಳುಗಳ ನೆಲದ ಯುದ್ಧ. ಹೆಸರು ಆಸೆಯನ್ನು ತಿಳಿಸುತ್ತದೆ; ಚಿತ್ರವು ಆಗಿದ್ದುದನ್ನು ತಿಳಿಸುತ್ತದೆ.

ಎರಡು ವರ್ಷಗಳ ತರುವಾಯ, 1786ರ ಮಾರ್ಚಿಯಲ್ಲಿ, ತದಡಿಯ ಅಳಿವೆಯಿಂದ ನಾಲ್ಕು ಹಡಗುಗಳು ಪಶ್ಚಿಮಾಭಿಮುಖವಾಗಿ ಹೊರಟುವು. ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗತಕ್ಕ ರಾಯಭಾರಿಗಳೂ, ಅವರ ಪರಿವಾರವೂ ಸೇರಿ ಸುಮಾರು 900 ಮಂದಿ ಅದರಲ್ಲಿದ್ದರು. ಮೆಣಸು, ಏಲಕ್ಕಿ, ಗಂಧದ ಮರಗಳೂ ಜೊತೆಗಿದ್ದುವು. ಬಸ್ರಾ ರೇವಿನಲ್ಲಿ ಮೈಸೂರಿಗೆ ಹಕ್ಕು ದೊರೆಯಬೇಕು, ಪ್ರತಿಯಾಗಿ ತುರ್ಕರಿಗೆ ಮಂಗಳೂರಿನಲ್ಲಿ ಸವಲತ್ತು ಕೊಡಬಹುದು ಎಂಬುದು ಕೋರಿಕೆಗಳಲ್ಲೊಂದು. ಕೋರಿಕೆ ಈಡೇರಲಿಲ್ಲ. ಹಡಗುಗಳಲ್ಲಿ ಹೆಚ್ಚಿನವು ದಾರಿಯಲ್ಲಿಯೇ ಹಾಳಾದುವು. ರೋಗರುಜಿನಗಳಿಂದ ಅನೇಕರು ಮಡಿದು, ಊರಿಗೆ ಮರಳಿದವರು ಬಹು ಕಡಿಮೆ. ಆದರೂ ಮಸ್ಕತಿನಲ್ಲಿ ಮೈಸೂರಿನ ಕೋಠಿಯು ನಡೆಯುತ್ತಿದ್ದಿತು. ಮಂಗಳೂರಿನ ಅಕ್ಕಿಯೂ ಘಟ್ಟದ ಗಂಧವೂ ಅಲ್ಲಿಗೆ ಹೋಗುತ್ತಿದ್ದುವು.

1792ರ ಶ್ರೀರಂಗಪಟ್ಟಣದ ಕೌಲಿನಲ್ಲಿ ರಾಜ್ಯದ ಅರ್ಧ ಭಾಗ ಹೋಯಿತು. ಮಲೆಯಾಳದ ತೀರವು ಇಂಗ್ಲಿಷರಿಗೆ ಸೇರಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿದ್ದಿತು; ಇಬ್ಬರು ರಾಜಕುಮಾರರು ಒತ್ತೆಯಾಗಿ ಹೋದರು. ಉಳಿದ ಕಡಲ ಬಾಗಿಲೆಂದರೆ ಕೆನರಾ ತೀರವೊಂದೇ. 1796ರ ಹುಕುಂನಾಮೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದು ಗೆದ್ದವನ ಆಡಂಬರವಲ್ಲ, ಸೋತವನ ಎಚ್ಚರ.

ಹಾಗಾದರೆ ಆ ಹತ್ತು ಮಂದಿಗೆ ಪಟ್ಟಣದಲ್ಲಿ ಕಲಿಯಲು ಏನಿದ್ದಿತು? ಸುತ್ತಮುತ್ತಲಿನ ಸೀಮೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿದರೆ ಕೊರತೆ ಯಾವುದರದಲ್ಲವೆಂಬುದು ತಿಳಿಯುತ್ತದೆ. ಕುಶಲಕಲೆಗಳಿಗೆ ಇಲ್ಲಿ ಬಡತನವಿರಲಿಲ್ಲ. ಪಟ್ಟಣದಲ್ಲಿಯೇ ತೋಪುಗಳನ್ನು ಎರಕ ಹೊಯ್ಯುವ ಕಾರ್ಖಾನೆಯಿದ್ದಿತು. ಮೈಸೂರಿನ ಬಾಣಗಳ ಹೆಸರು ಯೂರೋಪಿನವರೆಗೂ ಮುಟ್ಟಿತು. ಉತ್ತರಕ್ಕೆ ನಾಗಮಂಗಲವು ಸೌಮ್ಯಕೇಶವನ ದೇವಾಲಯಕ್ಕೆ ಹೇಗೋ ಹಾಗೆ ಹಿತ್ತಾಳೆ, ಕಂಚುಗಳ ಕೆಲಸಕ್ಕೂ ಹೆಸರಾದ ಊರು. ಹಿಂದೆ ಅತ್ತಿಗುಪ್ಪೆ ಎಂದು ಕರೆಯುತ್ತಿದ್ದ ಈಗಿನ ಕೃಷ್ಣರಾಜಪೇಟೆಯ ಸೀಮೆಯಲ್ಲಿ ಹೇಮಾವತಿ ಹರಿಯುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವು ಅಲ್ಲಿಯ ಕಲ್ಲುಕೆಲಸಕ್ಕೆ ಸಾಕ್ಷಿ. ಪಟ್ಟಣದಿಂದ ನಾಲ್ಕೈದು ಮೈಲಿ ಬಡಗಣಕ್ಕಿರುವ ಪಾಂಡವಪುರವು ಆಗ ಹಿರೋಡೆ. ಹೈದರ್, ಟೀಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರ ಬಾಯಲ್ಲಿ ಅದು 'ಫ್ರೆಂಚ್ ರಾಕ್ಸ್' ಆಗಿ ಬಹುಕಾಲ ಉಳಿಯಿತು. ಲೋಹವೂ, ಕಲ್ಲೂ, ಯಂತ್ರಜ್ಞಾನವೂ, ಯೂರೋಪಿನವರ ಸಹವಾಸವೂ ಇಲ್ಲಿದ್ದುವು.

ಇಲ್ಲದಿದ್ದುದು ಉಪ್ಪುನೀರು. ಇಲ್ಲಿಯ ಅಂಬಿಗನಿಗೆ ಗೊತ್ತಿದ್ದುದು ಹರಿಗೋಲು. ಬಿದಿರ ತಟ್ಟಿಯನ್ನು ದುಂಡಗೆ ಹೆಣೆದು, ಮೇಲೆ ತೊಗಲು ಹೊದಿಸಿದ ಈ ದೋಣಿಗೆ ಮುಂಭಾಗವೆಂದೂ ಹಿಂಭಾಗವೆಂದೂ ಇಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಬಂಡೆಗಳ ನಡುವೆ ಸುಳಿಯುವ ಕಾವೇರಿಗೆ ಅದು ಹೇಳಿಮಾಡಿಸಿದುದು. ಕಡಲಿನ ವಿದ್ಯೆಯ ಜಾತಿಯೇ ಬೇರೆ. ನಕ್ಷತ್ರವನ್ನು ನೋಡಿ ದಾರಿ ತಿಳಿಯುವುದು, ಗಾಳಿ ತಿರುಗುವ ಮುನ್ನ ಹಾಯಿಯನ್ನು ಮಡಿಸುವುದು, ನೀರಿನ ಬಣ್ಣದಿಂದ ಆಳವನ್ನು ಊಹಿಸುವುದು, ಅಳಿವೆಯ ಮರಳು ಈ ವರ್ಷ ಎಲ್ಲಿ ಸರಿದಿದೆಯೆಂದು ಅರಿಯುವುದು, ಮಳೆಗಾಲದಲ್ಲಿ ಯಾವ ದಿನದಿಂದ ರೇವು ಮುಚ್ಚತಕ್ಕದ್ದೆಂದು ನಿಶ್ಚಯಿಸುವುದು, ಇವೆಲ್ಲ ಹಡಗಿನ ಮೇಲೆ ಕಾಲೂರಿ ಕಲಿಯತಕ್ಕವು. ಕೆನರಾ ತೀರದ ಮೊಗವೀರರಿಗೂ, ಖಾರ್ವಿಗಳಿಗೂ, ಮಾಪಿಳ್ಳೆ ನಾವಿಕರಿಗೂ ಇದು ತಲೆಮಾರುಗಳಿಂದ ಬಂದ ಬಾಳುವೆ. ಆದರೆ ಶಿಕ್ಷಣದ ಸ್ಥಾನವು ಅವರ ರೇವಿನಲ್ಲಿರದೆ ಆಸ್ಥಾನದಲ್ಲಿದ್ದಿತು.

ಈ ವಿಷಯದಲ್ಲಿ ಶತ್ರುವಿನ ಪದ್ಧತಿಯನ್ನು ಹೋಲಿಸಿ ನೋಡುವುದು ಉಪಯುಕ್ತ. ಇಂಗ್ಲಿಷರೂ ಒಂದು ನೌಕಾಶಾಲೆಯನ್ನು ತೆರೆದಿದ್ದರು; ಅದು 1733ರಲ್ಲಿ ಪೋರ್ಟ್ಸ್‌ಮತ್ ಬಂದರಿನ ಹಡಗುಕಟ್ಟೆಯೊಳಗೇ ಆರಂಭವಾಯಿತು. ಅಷ್ಟು ಹತ್ತಿರವಿದ್ದರೂ ಅವರ ನೌಕಾಧಿಕಾರಿಗಳಲ್ಲಿ ಬಹುಮಂದಿಯನ್ನು ತಯಾರುಮಾಡಿದುದು ಶಾಲೆಯಲ್ಲ, ಹಡಗು. ಚಿಕ್ಕ ಹುಡುಗನಾಗಿ ಹಡಗನ್ನು ಹತ್ತಿ, ಆರು ವರ್ಷ ಕಡಲಿನಲ್ಲಿ ಕಳೆದು, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಲೆಫ್ಟೆನೆಂಟ್ ಪದವಿ. ಈ ಆರು ವರ್ಷಗಳೆಂಬ ಅಂಕೆಯನ್ನು ಶ್ರೋತೃಗಳು ಮನಸ್ಸಿನಲ್ಲಿಡಬೇಕು. ಹುಕುಂನಾಮೆ ಹೊರಟದ್ದು 1796. ಪಟ್ಟಣ ಬಿದ್ದದ್ದು 1799ರ ಮೇ 4. ಒಬ್ಬ ಲೆಫ್ಟೆನೆಂಟನ ಶಿಕ್ಷಣದ ಅರ್ಧ ಕಾಲವೂ ಸುಲ್ತಾನನಿಗೆ ಸರಿಯಾಗಿ ದೊರೆಯಲಿಲ್ಲ.

ಜನಬಲದ ಲೆಕ್ಕವೂ ಹೀಗೆಯೇ. 70ಕ್ಕೂ ಮೀರಿ ತೋಪುಗಳಿರುವ ಹಡಗನ್ನು ನಡೆಸಲು ಆಗಿನ ಯೂರೋಪಿನಲ್ಲಿ ಸುಮಾರು 600 ಮಂದಿ ಬೇಕಾಗುತ್ತಿದ್ದರು. ಫ್ರಿಗೇಟಿಗೆ ಸುಮಾರು 250. ಇಪ್ಪತ್ತು ಇಪ್ಪತ್ತರಂತೆ ಗುಣಿಸಿದರೆ ಹದಿನೇಳು ಸಾವಿರ. ಇಷ್ಟು ಜನ ನುರಿತ ನಾವಿಕರನ್ನು ಎರಡು ಮೂರು ವರ್ಷಗಳಲ್ಲಿ ಯಾವ ಹುಕುಂನಾಮೆಯೂ ಸೃಷ್ಟಿಸಲಾರದು. ಅಂಥ ದೊಡ್ಡ ಹಡಗೊಂದಕ್ಕೆ ಇಂಗ್ಲೆಂಡಿನಲ್ಲಿ ಸುಮಾರು ಎರಡು ಸಾವಿರ ಓಕ್ ಮರಗಳು ಬೀಳುತ್ತಿದ್ದುವು. ನಮ್ಮ ಘಟ್ಟದ ಕಾಡುಗಳಲ್ಲಿ ತೇಗಕ್ಕೆ ಬರವಿರಲಿಲ್ಲವಾದರೂ ಮರವನ್ನು ಕಡಿದು, ಒಣಗಿಸಿ, ತೀರಕ್ಕೆ ಸಾಗಿಸಲು ಕಾಲ ಬೇಕು. ದುಡ್ಡಿಗಿಂತಲೂ ದುರ್ಲಭವಾಗಿದ್ದುದು ಕಾಲವೇ.

ಈ ಕೊರತೆಯನ್ನು ಹೊರಗಿನಿಂದ ತುಂಬಿಕೊಳ್ಳುವ ಆಸೆ ಹುಟ್ಟಿದುದು ಸಹಜ. 1797ರಲ್ಲಿ ರಿಪೋ ಎಂಬ ಫ್ರೆಂಚನ ಹಡಗು ಬಿರುಗಾಳಿಗೆ ಸಿಕ್ಕಿ ಕೆಟ್ಟು ಮಂಗಳೂರಿಗೆ ಬಂದಿತು. ಮಾರಿಷಸ್ ದ್ವೀಪದಲ್ಲಿ ಫ್ರೆಂಚರ ದೊಡ್ಡ ಸೈನ್ಯವು ಸಿದ್ಧವಾಗಿದೆಯೆಂದು ಅವನು ನಂಬಿಸಿದನು. ಸುಲ್ತಾನನ ರಾಯಭಾರಿಗಳು ಅಲ್ಲಿಗೆ ಹೋದಾಗ ಸೈನ್ಯವಿರಲಿಲ್ಲ. ಗವರ್ನರ್ ಮಲಾರ್ಟಿಕನು 1798ರ ಜನವರಿಯಲ್ಲಿ ಬಹಿರಂಗ ಪ್ರಕಟಣೆಯನ್ನು ಹೊರಡಿಸಿ, ಗುಟ್ಟಾಗಿರಬೇಕಾಗಿದ್ದ ಸಂಧಾನವನ್ನು ಇಂಗ್ಲಿಷರ ಕಿವಿಗೂ ಮುಟ್ಟಿಸಿದನು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ. ಕೆಲವರು ನೌಕಾಧಿಕಾರಿಗಳೂ ಹಡಗು ಕಟ್ಟುವವರೂ ಅವರಲ್ಲಿದ್ದರೆಂಬುದು ನಿಜ; ಶಿಕ್ಷಕರು ಬಂದರೆನ್ನಬಹುದು. ಆದರೆ ಅವರನ್ನು ಕರೆತಂದ ಸುದ್ದಿಯೇ ಯುದ್ಧಕ್ಕೆ ನೆವವಾಯಿತು.

ಕೊನೆಯ ದಿನಗಳಲ್ಲಿ ಪಟ್ಟಣದ ನೌಕಾಬಲವೆಂದರೆ ಕಾವೇರಿಯೇ. ಜೂನಿನಲ್ಲಿ ಮಳೆ ಹಿಡಿದು ಹೊಳೆ ಏರಿದರೆ ಮುತ್ತಿಗೆ ನಿಲ್ಲಲಾರದು. ಜನರಲ್ ಹ್ಯಾರಿಸನಿಗೆ ಇದು ಚೆನ್ನಾಗಿ ತಿಳಿದಿದ್ದಿತು; ಆದುದರಿಂದಲೇ ಅವನು ತ್ವರೆಮಾಡಿದನು. ಕೋಟೆಯ ವಾಯವ್ಯ ಮೂಲೆಯಲ್ಲಿ ಗೋಡೆ ಒಡೆಯಿತು. ಮೇ 4ರ ಮಧ್ಯಾಹ್ನ ಬೇಸಗೆಯ ಹೊಳೆಯನ್ನು ಸಿಪಾಯಿಗಳು ಕಾಲ್ನಡಿಗೆಯಿಂದಲೇ ದಾಟಿದರು. ಕಡಲನ್ನು ಬತ್ತಿಸಲಾರೆನೆಂದು ತಂದೆಯು ನಿಟ್ಟುಸಿರುಬಿಟ್ಟನು. ಮಗನ ಕಾಲಕ್ಕೆ ಬತ್ತಿದುದು ಹೊಳೆ.

ಕೆನರಾ ತೀರವು ಕಂಪೆನಿಯವರ ಪಾಲಾಯಿತು. ಅಂದಿನಿಂದ 1956ರವರೆಗೆ, ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು, ಮೈಸೂರು ಕಡಲಿಲ್ಲದ ಸಂಸ್ಥಾನವಾಗಿ ಉಳಿಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಬಂದರು ಮಾಡುವ ಯೋಜನೆಯನ್ನು ಎತ್ತಿಕೊಂಡಿದ್ದರು, ಅದು ಕೈಗೂಡಲಿಲ್ಲ. ಪಟ್ಟಣದ ಮಗ್ಗುಲಲ್ಲಿ ಅವರ ಕಾಲದಲ್ಲಿ ಎದ್ದ ಕನ್ನಂಬಾಡಿಯ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ನಾವು 'ಸಾಗರ'ವೆಂದೇ ಹೆಸರಿಟ್ಟೆವು. ಕೃಷ್ಣರಾಜಪೇಟೆ, ಪಾಂಡವಪುರಗಳ ಹುಡುಗರು ಮೊದಲು ಕಾಣುವ ಸಾಗರ ಇದೇ. ಅಲ್ಲಿಯೇ ಕಾವೇರಿಗೆ ಅಣೆಕಟ್ಟನ್ನು ಕಟ್ಟಿಸಲು ಟೀಪುವು ಹಿಂದೆ ಸಂಕಲ್ಪಿಸಿದ್ದನೆಂದು ಹೇಳುವ ಪಾರಸಿ ಶಾಸನವನ್ನು ಈಗಲೂ ಅಣೆಯ ಬಳಿ ಕಾಣಬಹುದು.

ಭಾರತೀಯ ಹುಡುಗರಿಗೆ ಹಡಗಿನ ಅಧಿಕಾರಿಗಳಾಗುವ ಶಿಕ್ಷಣವು 1927ರಲ್ಲಿ ಮುಂಬಯಿಯಲ್ಲಿ ಆರಂಭವಾದಾಗ, ಆ ಶಾಲೆಯು ಕಟ್ಟಡವಾಗಿರಲಿಲ್ಲ. 'ಡಫರಿನ್' ಎಂಬ ಹಡಗೇ ಶಾಲೆಯಾಗಿದ್ದಿತು. 1796ರಲ್ಲಿ ತಪ್ಪಿಹೋಗಿದ್ದ ಎಳೆಯು ಇಲ್ಲಿ ಕೈಗೆ ಸಿಕ್ಕಿತೆನ್ನಬಹುದು.

1956ರ ನವೆಂಬರ್ 1ರಂದು ಕನ್ನಡನಾಡುಗಳು ಒಂದಾದಾಗ ಕಾರವಾರದಿಂದ ಮಂಗಳೂರಿನವರೆಗಿನ ತೀರವು ಮತ್ತೆ ಮೈಸೂರಿನ ಒಡನೆ ಸೇರಿತು. ಈಗ ಮಂಗಳೂರಿಗೆ ಹೋದವರು ಎರಡು ಕಾಲಗಳ ಗುರುತುಗಳನ್ನು ಒಂದೇ ದಿನದಲ್ಲಿ ನೋಡಬಹುದು. ಬೋಳೂರಿನಲ್ಲಿ ಗುರುಪುರದ ಹೊಳೆಯ ದಡದಲ್ಲಿ ಕರಿಯ ಕಲ್ಲಿನ ಸುಲ್ತಾನ್ ಬತೇರಿ ನಿಂತಿದೆ. ಟೀಪುವಿನ ಕಾಲದ ಕಾವಲುಗೋಪುರ. ಊರ ನಡುವಿನ ಬಾವುಟಗುಡ್ಡೆಯ ಹೆಸರು ಕಡಲಿನವರಿಗೆ ಸಂಜ್ಞೆ ತೋರಿಸುತ್ತಿದ್ದ ದಿನಗಳನ್ನು ನೆನಪಿಗೆ ತರುತ್ತದೆ; ಹಳೆಯ ದೀಪಸ್ತಂಭವೂ ಅಲ್ಲಿಯೇ ಇದೆ. ಅದರ ಮಗ್ಗುಲಲ್ಲಿ 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜೂ, ಮೊಸ್ಕೇನಿಯ ಚಿತ್ರಗಳಿಂದ ಪ್ರಸಿದ್ಧವಾದ ಅದರ ಪ್ರಾರ್ಥನಾಮಂದಿರವೂ ಇವೆ. ಇಳಿದು ಬಂದರಕ್ಕೆ ಹೋದರೆ ನೇತ್ರಾವತಿ, ಗುರುಪುರ ಹೊಳೆಗಳು ಕಡಲನ್ನು ಕೂಡುವ ಅಳಿವೆ. ಮರಳಿನ ದಿಬ್ಬದಿಂದಾಗಿ ದೊಡ್ಡ ಹಡಗುಗಳು ಒಳಕ್ಕೆ ಬರಲಾರದೆ ಹೊರಗೆ ಲಂಗರು ಹಾಕಿ, ಸರಕನ್ನು ದೋಣಿಗಳಿಗೆ ಇಳಿಸುತ್ತಿದ್ದ ಸ್ಥಳವಿದು.

ಈ ತೊಡಕನ್ನು ಬಿಡಿಸಲು ಬಡಗಣ ಪಣಂಬೂರಿನಲ್ಲಿ ನೆಲವನ್ನೇ ತೋಡಿ, ಕಡಲನ್ನು ಒಳಕ್ಕೆ ಕರೆತಂದು, ಹೊಸ ಬಂದರನ್ನು ಮಾಡಿದರು. 1974ರಲ್ಲಿ ಅದು ಭಾರತದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ವಿಧ್ಯುಕ್ತವಾಗಿ ಆರಂಭಗೊಂಡಿತು. ವಿದ್ಯೆಯೂ ತೀರಕ್ಕೆ ಬಂದಿತು. ನಗರದ ತೆಂಕಣ ಅಂಚಿನಲ್ಲಿ, ನೇತ್ರಾವತಿಯ ಕಡೆಗೆ, 1969ರಲ್ಲಿ ಮೀನುಗಾರಿಕಾ ಕಾಲೇಜು ತೆರೆಯಿತು. ಈ ಬಗೆಯ ಕಾಲೇಜುಗಳಲ್ಲಿ ಭಾರತಕ್ಕೇ ಅದು ಮೊದಲನೆಯದು. ಸುರತ್ಕಲ್ಲಿನಲ್ಲಿ 1960ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ; ಅದರ ಆವರಣವು ಮರಳ ದಂಡೆಯವರೆಗೂ ಚಾಚಿದೆ, ಸಾಗರ ಎಂಜಿನಿಯರಿಂಗೂ ಅಲ್ಲಿಯ ಪಾಠಗಳಲ್ಲೊಂದು. ಅಲೆಯ ವಿಷಯವನ್ನು ಓದುವವನು ಅಲೆಯ ಸದ್ದನ್ನು ಕೇಳುತ್ತಲೇ ಓದುತ್ತಾನೆ. ನಾಗಮಂಗಲದ ರೈತನ ಮಗನೂ ಇಂದು ಘಟ್ಟವನ್ನಿಳಿದು ಅಲ್ಲಿ ಸೇರಬಹುದು. ಅವನಿಗಾಗಿ ಕಡಲನ್ನು ಘಟ್ಟದ ಮೇಲಕ್ಕೆ ತರಬೇಕಾಗಿಲ್ಲ.

ಮಹಾಶಯರೆ, ಶ್ರೀರಂಗಪಟ್ಟಣವನ್ನು ನೋಡಲು ಹೋಗುವವರು ವಾಯವ್ಯ ಮೂಲೆಯಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕವನ್ನೂ, ಗುಂಬಜವನ್ನೂ ನೋಡಿ ಹಿಂದಿರುಗುವುದು ವಾಡಿಕೆ. ದರಿಯಾ ದೌಲತಿನ ತೋಟದಲ್ಲಿ ಕ್ಷಣಕಾಲ ನಿಂತು ಆ ಹೆಸರನ್ನು ಯೋಚಿಸುವುದೂ ಉಚಿತ. ಕಡಲಿನ ಬೆಲೆಯನ್ನು ಅರಿತ ದೊರೆಯೊಬ್ಬನು ಇಲ್ಲಿದ್ದನು. ಹಡಗಿಗೆ ಮೊದಲು ನಾವಿಕನು ಬೇಕು, ನಾವಿಕನಿಗೆ ಶಿಕ್ಷಣ ಬೇಕು ಎಂಬುದನ್ನೂ ಅವನು ಕಂಡಿದ್ದನು. ಶಿಕ್ಷಣಕ್ಕೆ ತಕ್ಕ ಸ್ಥಳವೂ, ಹಲವು ವರ್ಷಗಳ ಶಾಂತಿಯೂ ಬೇಕೆಂಬುದು ಉಳಿದ ಪಾಠ. ಸ್ಥಳವನ್ನು ಆರಿಸುವುದು ಅವನ ಕೈಯಲ್ಲಿದ್ದಿತು. ಶಾಂತಿಯು ಅವನ ಕೈಯಲ್ಲಿರಲಿಲ್ಲ. ಇಂದು ನಮಗೆ ತೀರವೂ ಇದೆ, ಶಾಲೆಯೂ ಇದೆ, ಕಾಲವೂ ಇದೆ. ಮುನ್ನೂರು ಕಿಲೋಮೀಟರಿಗೂ ಮೀರಿದ ಈ ಕಡಲ ದಂಡೆಯನ್ನು ಬರಿಯ ವಿಹಾರಸ್ಥಾನವೆಂದು ಎಣಿಸದೆ, ವಿದ್ಯೆಯ ಮತ್ತು ಉದ್ಯೋಗದ ಬಾಗಿಲೆಂದು ಒಳನಾಡಿನ ತರುಣರು ತಿಳಿದಾರೆಂದರೆ, ಕಾವೇರಿಯ ನಡುಗಡ್ಡೆಯಲ್ಲಿ ಆರಂಭವಾಗಿ ಅರ್ಧಕ್ಕೆ ನಿಂತ ಪಾಠವು ಮುಂದುವರಿದಂತಾಗುವುದು.